ಮೋಟಾರು ಭಕ್ತನ ಪಕ್ಷಾಂತರ

ಕನ್ನಡನಾಡಿನ ಮನೆತನಗಳಿಗೆ ಮನೆದೇವರು ಇರುವಂತೆ ಅಮೆರಿಕದ ಎಷ್ಟೋ ಸಂಸಾರಗಳಿಗೆ ಮನೆಕಾರು ಎಂಬುದೊಂದು ಉಂಟು. ತಾತ ಫೋರ್ಡ್ ಇಟ್ಟುಕೊಂಡಿದ್ದರೆ ತಂದೆಯೂ ಫೋರ್ಡನ್ನೇ ಕೊಂಡಿರುತ್ತಾನೆ. ಮಗ ಮೊದಲು ಹಿಡಿಯುವ ಸ್ಟಿಯರಿಂಗ್ ಚಕ್ರವೂ ಫೋರ್ಡಿನದೇ. ಎದುರುಮನೆಯವರು ಷೆವರ್ಲೆಯ ಒಕ್ಕಲು. ಎರಡು ಮನೆಗಳ ನಡುವೆ ಹೋಗಿಬರುವುದು, ಹಬ್ಬದ ಊಟಕ್ಕೆ ಕರೆಯುವುದು, ಕಷ್ಟಸುಖಕ್ಕೆ ಒದಗುವುದು ಎಲ್ಲವೂ ನಡೆದೇ ಇರುತ್ತದೆ. ಕಾರಿನ ಮಾತು ಬಂದಾಗ ಮಾತ್ರ ಯಾರೂ ಸೋಲೊಪ್ಪುವುದಿಲ್ಲ. ಫೋರ್ಡ್ ಎಂಬ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ, ‘ರಸ್ತೆಯ ಮೇಲೆ ಸತ್ತು ಬಿದ್ದಿದ್ದುದು’ ಎಂದು ಷೆವರ್ಲೆಯವರು ಅರ್ಥ ಹೇಳುತ್ತಾರೆ. ಫೋರ್ಡಿನವರ ಬಳಿಯೂ ಇಂಥದೊಂದು ನಿಘಂಟು ಉಂಟು. ಅದರ ಕೆಲವು ಅರ್ಥಗಳು ಸಂಸಾರಸ್ಥರು ಓದುವ ಪತ್ರಿಕೆಯಲ್ಲಿ ಅಚ್ಚಾಗತಕ್ಕವಲ್ಲ.

ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ನಗರದ ಸುತ್ತಿನ ಊರುಗಳಲ್ಲಿ, ಕಾರಿನ ಹೆಸರೆಂದರೆ ಅನ್ನದ ಹೆಸರೂ ಹೌದು. ನೆರೆಯವನು ಕೊಂಡ ಕಾರು ತನ್ನ ಕಾರ್ಖಾನೆಯದಾಗದೆ ಎದುರಾಳಿಯದಾದರೆ, ಅಷ್ಟರಮಟ್ಟಿಗೆ ತನ್ನ ಸಂಬಳಕ್ಕೆ ಕತ್ತರಿ ಬಿದ್ದಂತೆ ಎಂದು ಅಲ್ಲಿನ ಕೆಲಸಗಾರ ಭಾವಿಸಿದರೆ ಅದು ತಪ್ಪಲ್ಲ. 2006ರಲ್ಲಿ ಡಿಯರ್‌ಬಾರ್ನ್ ಊರಿನ ಫೋರ್ಡ್ ಟ್ರಕ್ ಕಾರ್ಖಾನೆಯವರು ಒಂದು ಕಟ್ಟಳೆ ಮಾಡಿದರು. ಕಾರ್ಖಾನೆಗೆ ಹತ್ತಿರವಾದ ಆವರಣದಲ್ಲಿ ಫೋರ್ಡ್ ಬಳಗದ ವಾಹನಗಳನ್ನು ಮಾತ್ರ ನಿಲ್ಲಿಸಬೇಕು. ಬೇರೆ ಕಂಪೆನಿಯ ಕಾರು ತಂದವರು ಅದನ್ನು ರಸ್ತೆಯಾಚೆ ಬಿಟ್ಟು ನಡೆದು ಬರಬೇಕು. ಮಿಷಿಗನ್ನಿನ ಮಂಜು ಬೀಳುವ ಜನವರಿಯಲ್ಲಿ ಈ ನಡಿಗೆ ಸಣ್ಣ ಶಿಕ್ಷೆಯೇನಲ್ಲ.

ವಿನೋದವೆಂದರೆ, ಇಷ್ಟೊಂದು ಹಗೆ ಸಾಧಿಸುವ ಈ ಕುಲಗಳು ಮೂಲದಲ್ಲಿ ದಾಯಾದಿಗಳೇ. ಡಾಜ್ ಕಾರಿಗೆ ತಮ್ಮ ಹೆಸರು ಕೊಟ್ಟ ಜಾನ್ ಮತ್ತು ಹೊರೇಸ್ ಡಾಜ್ ಸೋದರರು ಮೊದಮೊದಲು ಹೆನ್ರಿ ಫೋರ್ಡನಿಗೇ ಎಂಜಿನು ಮುಂತಾದ ಭಾಗಗಳನ್ನು ಮಾಡಿಕೊಡುತ್ತಿದ್ದವರು. ಅವನ ಕಂಪೆನಿಯ ಷೇರುದಾರರು. 1914ರಲ್ಲಿ ಅವರು ತಮ್ಮದೇ ಕಾರನ್ನು ಹೊರತಂದರು. ಲಾಭ ಹಂಚಲಿಲ್ಲವೆಂದು ಫೋರ್ಡನ ಮೇಲೆ ವ್ಯಾಜ್ಯ ಹೂಡಿ 1919ರಲ್ಲಿ ಗೆದ್ದರು. 1920ರಲ್ಲಿ ಇಬ್ಬರೂ ತೀರಿಕೊಂಡರು. ಅವರ ಹೆಸರು 1928ರಲ್ಲಿ ಕ್ರೈಸ್ಲರ್ ಕಂಪೆನಿಯ ಪಾಲಾಯಿತು. ಲೂಯಿ ಷೆವರ್ಲೆಯ ಕಥೆ ಇನ್ನೂ ವಿಚಿತ್ರ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಪಂದ್ಯದ ಸವಾರ 1911ರಲ್ಲಿ ವಿಲಿಯಂ ಡ್ಯೂರಂಟ್ ಎಂಬ ಉದ್ಯಮಿಯ ಜೊತೆಗೂಡಿ ಕಂಪೆನಿ ಕಟ್ಟಿದ. ಕೆಲವೇ ವರ್ಷಗಳಲ್ಲಿ ಮನಸ್ತಾಪವಾಗಿ ಹೊರಬಿದ್ದ. ಹೆಸರನ್ನು ಮಾತ್ರ ಬಿಟ್ಟು ಹೋಗಬೇಕಾಯಿತು. 1918ರಿಂದ ಅದು ಜನರಲ್ ಮೋಟಾರ್ಸಿನ ಸೊತ್ತು. ಒಡೆಯನೇ ಮುನಿಸಿಕೊಂಡು ಎದ್ದುಹೋದ ಮನೆಗೆ ಲಕ್ಷಾಂತರ ಜನ ನಿಷ್ಠೆಯಿಂದ ನಡೆದುಕೊಳ್ಳುತ್ತ ಬಂದರು.

ಆದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಸಾಧಾರಣ ಕಾರಿನ ಮೇಲೆ ಇಂಥ ಭಕ್ತಿ ಬಹಳ ಕಾಲ ನಿಲ್ಲಲಾರದು. ಅದಕ್ಕೆ ಎಣ್ಣೆಯೆರೆದದ್ದು 1964ನೆಯ ಇಸವಿ. ಆ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡಿನವರು ಮಸ್ಟ್ಯಾಂಗ್ ಎಂಬ ಕಾರನ್ನು ಜನರ ಮುಂದಿಟ್ಟರು. ಮಸ್ಟ್ಯಾಂಗ್ ಎಂದರೆ ಅಮೆರಿಕದ ಬಯಲುಗಳಲ್ಲಿ ತಿರುಗುವ ಕಾಡುಕುದುರೆ. ಒಳಗಿನ ಅಸ್ಥಿಪಂಜರವೆಲ್ಲ ಫಾಲ್ಕನ್ ಎಂಬ ಬಡಪಾಯಿ ಕಾರಿನದು. ಮೇಲಿನ ಅಂಗಿ ಮಾತ್ರ ಯುವರಾಜನದು. ಉದ್ದನೆಯ ಮೂತಿ, ಗಿಡ್ಡ ಹಿಂಬದಿ, ಆರಂಭದ ಬೆಲೆ 2,368 ಡಾಲರು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ತಯಾರಾದವು. ಪ್ಲಿಮತ್ ಕಂಪೆನಿಯವರು ಇದೇ ಬಗೆಯ ಬಾರಾಕುಡ ಎಂಬ ಕಾರನ್ನು ಎರಡು ವಾರ ಮೊದಲೇ ಬಿಟ್ಟಿದ್ದರು. ಆದರೂ ಈ ಇಡೀ ಜಾತಿಗೆ ಕುದುರೆಯ ಹೆಸರೇ ನಿಂತಿತು. ‘ಪೋನಿ ಕಾರು’ ಎಂದೇ ಅದನ್ನು ಕರೆದರು.

ಇದೇ 1964ರಲ್ಲಿ ಜನರಲ್ ಮೋಟಾರ್ಸಿನ ಪಾಂಟಿಯಾಕ್ ವಿಭಾಗದವರು ಇನ್ನೊಂದು ಕಿತಾಪತಿ ನಡೆಸಿದ್ದರು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಕೂಡದೆಂದು ಮೇಲಿನವರ ಅಪ್ಪಣೆ ಇದ್ದರೂ, ಎಂಜಿನಿಯರ್ ಜಾನ್ ಡಿಲೊರಿಯನ್ ಮತ್ತು ಅವನ ಸಂಗಡಿಗರು 389 ಘನ ಅಂಗುಲದ ಎಂಜಿನನ್ನು ‘ಬೇಕಾದವರಿಗೆ ಹೆಚ್ಚುವರಿ ಸೌಕರ್ಯ’ ಎಂಬ ಪಟ್ಟಿಯಲ್ಲಿ ನುಸುಳಿಸಿಬಿಟ್ಟರು. ಅದೇ ಜಿ.ಟಿ.ಓ. ‘ಮಸಲ್ ಕಾರು’ ಎಂದು ಹೆಸರಾದ ಕಟ್ಟುಮಸ್ತಿನ ಜಾತಿ ಅಲ್ಲಿಂದ ಬೆಳೆಯಿತು. ಮಸ್ಟ್ಯಾಂಗನ್ನು ತಿಂದುಹಾಕಲೆಂದೇ ಷೆವರ್ಲೆಯವರು 1966ರ ಸೆಪ್ಟೆಂಬರಿನಲ್ಲಿ ಕಮಾರೊ ಎಂಬ ಕಾರನ್ನು ಮಾರಾಟಕ್ಕೆ ಬಿಟ್ಟರು. ಡಾಜ್‌ನವರ ಚಾಲೆಂಜರ್ ಬಂದದ್ದು ಎಲ್ಲರಿಗಿಂತ ತಡವಾಗಿ, 1970ರ ಮಾದರಿಯಾಗಿ. ಮೂರು ಬಾವುಟಗಳೂ ನೆಟ್ಟಂತಾಯಿತು. ಇನ್ನು ಪ್ರತಿಯೊಬ್ಬನೂ ತಾನು ಯಾವುದರ ಕೆಳಗೆ ನಿಲ್ಲುತ್ತೇನೆಂದು ಹೇಳಲೇಬೇಕು.

ಇಂಥ ಒಬ್ಬ ಭಕ್ತನನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಡೆಟ್ರಾಯ್ಟಿನ ಸುತ್ತ ಇಂಥವರು ಬೀದಿಗೊಬ್ಬರು ಸಿಕ್ಕಾರು. ತಂದೆ ಡಿಯರ್‌ಬಾರ್ನಿನ ಫೋರ್ಡ್ ಕಾರ್ಖಾನೆಯಲ್ಲಿ ಮಸ್ಟ್ಯಾಂಗುಗಳಿಗೆ ಬಾಗಿಲು ಕೂಡಿಸುತ್ತಿದ್ದವನು. 1966ರಲ್ಲಿ ಕಂತಿನ ಮೇಲೆ ತಾನೂ ಒಂದನ್ನು ಕೊಂಡ. ಮಗ ಹುಟ್ಟಿದ್ದು 1968ರಲ್ಲಿ. ತೊಟ್ಟಿಲಿನಿಂದ ಇಳಿದ ಮೇಲೆ ಅವನು ಆಡಿ ಬೆಳೆದದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ. ಅವನು ಹುಟ್ಟಿದ ವರ್ಷವೇ ‘ಬುಲ್ಲಿಟ್’ ಎಂಬ ಚಲನಚಿತ್ರ ತೆರೆಗೆ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ನಾಯಕನ ಹಸಿರು ಮಸ್ಟ್ಯಾಂಗು ಖಳರ ಕಪ್ಪು ಡಾಜ್ ಚಾರ್ಜರನ್ನು ಅಟ್ಟಿಸಿಕೊಂಡು ಹೋದದ್ದನ್ನು ದೇಶವೆಲ್ಲ ಕಂಡಿತು. ಯಾರು ಸಜ್ಜನರು, ಯಾರು ದುರ್ಜನರು ಎಂಬುದರ ಬಗ್ಗೆ ಆ ಮನೆಯಲ್ಲಿ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಭಕ್ತಿಗೆ ಮೊದಲ ಪರೀಕ್ಷೆ ಬಂದದ್ದು ಹುಡುಗನ ಬಾಲ್ಯದಲ್ಲೇ. ಹೊಗೆಯ ಮೇಲೆ ಹತೋಟಿ ತರುವ ಕಾನೂನು 1970ರಲ್ಲಿ ಬಂತು. ಬಲವಾದ ಎಂಜಿನುಗಳ ಮೇಲೆ ವಿಮೆಯ ಕಂತು ಏರಿತು. 1973ರಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದಾಗ ಪೆಟ್ರೋಲು ಬಂಕುಗಳ ಮುಂದೆ ಸಾಲು ಹತ್ತಿತು. ಆ ಹೊತ್ತಿಗೆ ಸರಿಯಾಗಿ 1974ರ ಮಾದರಿಯಾಗಿ ‘ಎರಡನೆಯ ಮಸ್ಟ್ಯಾಂಗ್’ ಕಾಣಿಸಿಕೊಂಡಿತು. ಪಿಂಟೊ ಎಂಬ ಚಿಕ್ಕ ಕಾರಿನ ಮೇಲೆ ಕಟ್ಟಿದ್ದ ಅದರಲ್ಲಿ ಆ ವರ್ಷ ಎಂಟು ಸಿಲಿಂಡರಿನ ಎಂಜಿನೇ ಇರಲಿಲ್ಲ. ಇದ್ದುದರಲ್ಲಿ ದೊಡ್ಡದಾದ ಆರು ಸಿಲಿಂಡರಿನದರ ಬಲ 105 ಅಶ್ವಶಕ್ತಿ. ಭಕ್ತರು ಇಂದಿಗೂ ಅದರ ಹೆಸರೆತ್ತಿದರೆ ಮುಖ ಹಿಂಡುತ್ತಾರೆ. ಆದರೆ ಆ ಮೊದಲ ವರ್ಷ 3 ಲಕ್ಷ 85 ಸಾವಿರಕ್ಕೂ ಹೆಚ್ಚು ಜನ ಅದನ್ನು ಕೊಂಡರೆಂಬುದನ್ನು ಮರೆಯಬಾರದು. ಹೆಸರನ್ನು ಉಳಿಸಿದ್ದು ಆ ಬಡಕಲು ಕುದುರೆಯೇ. ಭಕ್ತರು ದೂರುವ ಕಾರು ಇಲ್ಲದಿದ್ದರೆ ಭಕ್ತರು ಮೆರೆಸುವ ಕಾರೂ ಇರುತ್ತಿರಲಿಲ್ಲ.

1980ರ ದಶಕದಲ್ಲಿ ಇನ್ನೂ ದೊಡ್ಡ ಗಂಡಾಂತರ ಎದುರಾಯಿತು. ಜಪಾನಿನ ಕಾರುಗಳ ಮುಂದೆ ಸೋತು ಸುಣ್ಣವಾಗಿದ್ದ ಫೋರ್ಡಿನವರು ಮಸ್ಟ್ಯಾಂಗಿನ ಹೆಸರನ್ನು ಜಪಾನಿನ ಮಜ್ದಾ ಕಂಪೆನಿಯ ಕಾರಿನ ಮೇಲೆ ಕಟ್ಟಿದ, ಮುಂದಿನ ಚಕ್ರಗಳಿಂದ ಎಳೆಸಿಕೊಳ್ಳುವ, ಎಂಟು ಸಿಲಿಂಡರಿನ ಎಂಜಿನಿಗೆ ಜಾಗವೇ ಇಲ್ಲದ ಹೊಸ ಕಾರಿಗೆ ಕೊಡಲು ನಿಶ್ಚಯಿಸಿದ್ದರು. 1987ರಲ್ಲಿ ಮೋಟಾರು ಪತ್ರಿಕೆಯೊಂದು ಈ ಸುದ್ದಿಯನ್ನು ಹೊರಗೆಡಹಿತು. ಕಂಪೆನಿಯ ಕಛೇರಿಗೆ ಪತ್ರಗಳ ಮಳೆಯೇ ಸುರಿಯಿತು. ಆಗ ಹತ್ತೊಂಬತ್ತರ ತರುಣನಾಗಿದ್ದ ಭಕ್ತನೂ ಒಂದು ಕಾಗದ ಬರೆದನೆಂದೇ ಇಟ್ಟುಕೊಳ್ಳೋಣ. ಕಂಪೆನಿ ತಲೆಬಾಗಿತು. ಹಳೆಯ ಹಿಂಚಕ್ರದ ಮಸ್ಟ್ಯಾಂಗ್ ಮುಂದುವರಿಯಿತು. ಜಪಾನಿ ಮೂಲದ ಕಾರಿಗೆ ಪ್ರೋಬ್ ಎಂಬ ಬೇರೆ ಹೆಸರಿಟ್ಟು ಫ್ಲ್ಯಾಟ್ ರಾಕ್ ಎಂಬ ಊರಿನ ಮಜ್ದಾ ಕಾರ್ಖಾನೆಯಲ್ಲಿ ತಯಾರಿಸಿದರು. ಪ್ರೋಬ್ 1997ರಲ್ಲಿ ಮಡಿಯಿತು. 2004ರಿಂದ ಮಸ್ಟ್ಯಾಂಗನ್ನು ಕಟ್ಟುತ್ತಿರುವುದು ಅದೇ ಫ್ಲ್ಯಾಟ್ ರಾಕಿನ ಕಾರ್ಖಾನೆಯಲ್ಲಿ!

ಕೊಳ್ಳುವವರ ಕಾಗದಗಳಿಗೆ ಒಂದು ಮಹಾ ಕಂಪೆನಿ ಮಣಿದ ಈ ಪ್ರಸಂಗವೇ ಭಕ್ತನ ಮುಂದಿನ ನಡತೆಗೆ ಕೀಲಿಕೈ. ತಾನು ಕಂಪೆನಿಗೆ ನಿಷ್ಠನಾಗಿದ್ದಂತೆ ಕಂಪೆನಿಯೂ ತನಗೆ ನಿಷ್ಠವಾಗಿದೆ ಎಂಬ ನಂಬಿಕೆ ಅವನಲ್ಲಿ ಬೇರೂರಿತು. ವಿಮಾ ಕಛೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ ಮೇಲೆ, 1989ರಲ್ಲಿ, ಐದು ಲೀಟರಿನ ಎಂಜಿನಿನ 225 ಅಶ್ವಶಕ್ತಿಯ ಮಸ್ಟ್ಯಾಂಗನ್ನು ಕೊಂಡ.

ಮುಂದಿನ ಹದಿನೈದು ವರ್ಷಗಳಲ್ಲಿ ಅವನು ಕಲಿತ ಪಾಠ ಬೇರೆ. ವೇಗದಲ್ಲಿ ಕಮಾರೊ ಮುಂದಿತ್ತು. 1998ರಲ್ಲಿ ಮಸ್ಟ್ಯಾಂಗ್ ಜಿ.ಟಿ.ಯ ಬಲ 225 ಅಶ್ವಶಕ್ತಿಯಾದರೆ ಕಮಾರೊ ಝಡ್-28ರದು 305. ಬೀದಿಯ ದೀಪಸ್ತಂಭದಡಿ ಹಸಿರು ದೀಪ ಬಿದ್ದಾಗ ಎದುರುಮನೆಯ ಕಮಾರೊ ಎಷ್ಟು ಸಲ ಅವನನ್ನು ಹಿಂದೆ ಹಾಕಿತೋ ಲೆಕ್ಕವಿಲ್ಲ. ಆದರೂ ಕೊಳ್ಳುವವರು ಹೆಚ್ಚಾಗಿ ಮಸ್ಟ್ಯಾಂಗಿನ ಮಳಿಗೆಗೇ ಹೋದರು. ಕುಳಿತೇಳಲು ಸುಲಭ, ನೋಟಕ್ಕೆ ಬಯಲು, ದಿನದ ಬಳಕೆಗೆ ಹಿತ ಎಂಬುದು ಅವರ ತೀರ್ಪು. 2002ರ ಆಗಸ್ಟಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಕಾರ್ಖಾನೆಯಲ್ಲಿ ಕೊನೆಯ ಕಮಾರೊ ಇಳಿದು ಬಾಗಿಲು ಮುಚ್ಚಿತು. ಹೆಚ್ಚು ವೇಗದ ಕಾರೇ ಮೊದಲು ಸತ್ತಿತು. ಭಕ್ತನಿಗೆ ಅಂದು ಗೆದ್ದ ಸಂತೋಷವಾಗಬೇಕಿತ್ತು. ಎದುರುಮನೆಯಾತ ಒಂದು ವಾರ ಮಾತಾಡದೆ ಹುಲ್ಲು ಕತ್ತರಿಸುತ್ತಿದ್ದುದನ್ನು ಕಂಡು ಅವನಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಹಾಗೆಂದು ಸತ್ತ ಕಾರುಗಳು ಸತ್ತೇ ಇರಬೇಕೆಂದಿಲ್ಲ. 2005ರ ಮಾದರಿಯ ಮಸ್ಟ್ಯಾಂಗನ್ನು 1960ರ ದಶಕದ ರೂಪ ನೆನಪಿಗೆ ಬರುವಂತೆ ತಿದ್ದಿದ್ದರು. ಜನ ಮುಗಿಬಿದ್ದುದನ್ನು ಕಂಡು ಉಳಿದ ಇಬ್ಬರೂ ತಮ್ಮ ಹಿರಿಯರ ಭಾವಚಿತ್ರಗಳನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದರು. 2008ರಲ್ಲಿ ಚಾಲೆಂಜರ್ ಮರಳಿತು. 2009ರಲ್ಲಿ ಕಮಾರೊ ಮರಳಿತು. ಕಾಲವಾದರೋ ಕೆಟ್ಟ ಕಾಲ. 2009ರ ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿಯ ಅರ್ಜಿ ಹಾಕಿದವು. ಸರ್ಕಾರದ ಹಣದಿಂದ ಎರಡೂ ಬದುಕಿದವು, ಜಿ.ಟಿ.ಓ.ವನ್ನು ಹೆತ್ತ ಪಾಂಟಿಯಾಕ್ ಮಾತ್ರ ಬದುಕಲಿಲ್ಲ. ಫೋರ್ಡ್ ಕಂಪೆನಿ ಆ ದಿವಾಳಿಯಿಂದ ತಪ್ಪಿಸಿಕೊಂಡಿತು. ಹಾಗಿರುವಾಗ ಫೋರ್ಡಿನ ಒಕ್ಕಲು ಇನ್ನಷ್ಟು ಬಿಗಿಯಾಗಿ ನಿಲ್ಲಬೇಕಾಗಿತ್ತು.

ಭಕ್ತ ಪಕ್ಷಾಂತರ ಮಾಡಿದ್ದು ಆಗಲೇ.

ಕಾರಣ ಸರಳವಾದುದು. 2010ರಲ್ಲಿ ಹೊಸ ಕಮಾರೊ ಎಸ್.ಎಸ್.ನ ಬಲ 426 ಅಶ್ವಶಕ್ತಿ; ಅದೇ ವರ್ಷದ ಮಸ್ಟ್ಯಾಂಗ್ ಜಿ.ಟಿ.ಯದು 315. ನಲವತ್ತು ದಾಟಿದವನಿಗೆ ಇನ್ನು ಹಿಂದೆ ಬೀಳಲು ಮನಸ್ಸಿಲ್ಲ. ಮೂರು ವರ್ಷ ಮೊದಲು ತೆರೆಗೆ ಬಂದ ಯಂತ್ರಮಾನವರ ಚಲನಚಿತ್ರವೊಂದರಲ್ಲಿ ಹಳದಿ ಕಮಾರೊ ಪರೋಪಕಾರಿ ವೀರನಾಗಿ ಮೆರೆದಿತ್ತು. ಮನೆಯಲ್ಲಿದ್ದ ಚಿಕ್ಕ ಮಗಳು ಅದನ್ನೇ ಹಟಹಿಡಿದಳು. ಎಪ್ಪತ್ತರ ತಂದೆ ಒಂದು ಮಾತೂ ಆಡಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲನ್ನು ತೆರೆದು, ಮುಚ್ಚಿ, ಅದರ ಸದ್ದನ್ನು ಕೇಳಿ ಒಳಗೆ ಹೋದ. ಬಾಗಿಲು ಕೂಡಿಸಿಯೇ ಬಾಳು ನಡೆಸಿದವನು ಏನು ತೀರ್ಪು ಕೊಟ್ಟನೆಂಬುದು ಮಗನಿಗೆ ತಿಳಿಯಲಿಲ್ಲ. ಅನ್ನದ ಲೆಕ್ಕವೂ ಮಗನನ್ನು ಚುಚ್ಚದೆ ಇರಲಿಲ್ಲ. ಆ ಕಮಾರೊ ಕೂಡಿದ್ದು ಮಿಷಿಗನ್ನಿನಲ್ಲಲ್ಲ, ಕೆನಡಾದ ಆಷವಾದಲ್ಲಿ. ಮಸ್ಟ್ಯಾಂಗಾದರೋ ಅವನ ಮನೆಯಿಂದ ಅರ್ಧಗಂಟೆಯ ಹಾದಿಯ ಫ್ಲ್ಯಾಟ್ ರಾಕಿನಲ್ಲಿ.

ಮರುವರ್ಷ ಫೋರ್ಡಿನವರು ಮಾಡಿದ ಕೆಲಸ ನೋಡಬೇಕು. 2011ರ ಮಸ್ಟ್ಯಾಂಗ್ ಜಿ.ಟಿ.ಗೆ ಹೊಸ ಐದು ಲೀಟರಿನ ಎಂಜಿನನ್ನು ಕೂಡಿಸಿ ಬಲವನ್ನು 315ರಿಂದ ಒಮ್ಮೆಗೇ 412ಕ್ಕೆ ಏರಿಸಿದರು. ಒಂದೇ ವರ್ಷದಲ್ಲಿ ಸುಮಾರು ನೂರು ಕುದುರೆ! ಕಮಾರೊ ಬಾರದೆ ಇದ್ದಿದ್ದರೆ ಇಷ್ಟು ಅವಸರ ಅವರಿಗೆ ಬರುತ್ತಿತ್ತೇ? ಭಕ್ತ ಕೈಬಿಟ್ಟದ್ದರಿಂದಲೇ ಅವನು ಕೈಬಿಟ್ಟ ಕಾರು ಉತ್ತಮವಾಯಿತು. ಅಮೆರಿಕದ ಮಾರಾಟದಲ್ಲಿ 2010ರಿಂದ 2014ರವರೆಗೆ ಕಮಾರೊ ಮೇಲುಗೈಯಾಗಿತ್ತು. 2015ರಲ್ಲಿ ಹೊಸ ಮಸ್ಟ್ಯಾಂಗ್ ಆ ಪಟ್ಟವನ್ನು ಕಿತ್ತುಕೊಂಡಿತು. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿದ್ದ ಹಳೆಯ ಕ್ರಮ ಹೋಗಿ, ಹಳ್ಳತಿಟ್ಟಿಗೆ ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏಳುಬೀಳುವ ವ್ಯವಸ್ಥೆ ಬಂದದ್ದೂ, ಕಾರ್ಖಾನೆಯವರೇ ಬಲಗಡೆ ಸ್ಟಿಯರಿಂಗ್ ಕೂಡಿಸಿ ಬೇರೆ ದೇಶಗಳಿಗೆ ಕಳುಹಿಸತೊಡಗಿದ್ದೂ ಈ ಮಾದರಿಯಿಂದಲೇ. 2016ರಲ್ಲಿ ಅದು ಭಾರತಕ್ಕೂ ಬಂತು. ದೆಹಲಿಯಲ್ಲಿ ಅದರ ಆರಂಭದ ಬೆಲೆ 65 ಲಕ್ಷ ರೂಪಾಯಿ. ಅಮೆರಿಕದಲ್ಲಿ ಗುಮಾಸ್ತನ ಕಾರಾದುದು ಇಲ್ಲಿ ಶ್ರೀಮಂತರ ಕಾರಾಯಿತು.

2016ರ ಮಾದರಿಯಾಗಿ ಕಮಾರೊದ ಹೊಸ ರೂಪವೂ ಬಂದಿತ್ತು. ಓಟಕ್ಕೆ, ತಿರುವಿಗೆ ಅದರಂಥ ಕಾರು ಆ ಬೆಲೆಯಲ್ಲಿ ಇನ್ನೊಂದಿರಲಿಲ್ಲವೆಂದು ಬಲ್ಲವರು ಹೊಗಳಿದರು. ಆದರೆ ಕಿಟಕಿಗಳು ಕೋಟೆಯ ಗೋಡೆಯ ಕಿಂಡಿಗಳಂತೆ ಸಣ್ಣವಾಗಿದ್ದುವು. ಒಳಗೆ ಕುಳಿತವನಿಗೆ ಹೊರಗಿನ ಲೋಕ ಕಾಣುತ್ತಿರಲಿಲ್ಲ. ಭಕ್ತ ಅದರೊಳಗೆ ಹತ್ತು ನಿಮಿಷ ಕುಳಿತು ಇಳಿದುಬಂದ. ಅಷ್ಟರಲ್ಲಾಗಲೇ ಅವನ ಕಣ್ಣು ಮೂರನೆಯ ಬಾವುಟದ ಮೇಲೆ ಬಿದ್ದಿತ್ತು.

2014ರಲ್ಲಿ ಡಾಜ್‌ನವರು ಚಾಲೆಂಜರ್ ಹೆಲ್‌ಕ್ಯಾಟನ್ನು ಪ್ರಕಟಿಸಿದ್ದರು. ‘ನರಕದ ಬೆಕ್ಕು’ ಎಂಬ ಹೆಸರಿಗೆ ತಕ್ಕ ಪ್ರಾಣಿ. 6.2 ಲೀಟರಿನ ಎಂಜಿನಿಗೆ ಸೂಪರ್‌ಚಾರ್ಜರಿನಿಂದ ಗಾಳಿಯನ್ನು ಒತ್ತಿ ಊದಿ ತೆಗೆದ ಬಲ 707 ಅಶ್ವಶಕ್ತಿ. ಬೆಲೆ ಸುಮಾರು 60,000 ಡಾಲರು. ಕಾರಿನೊಡನೆ ಎರಡು ಬೀಗದಕೈ. ಕಪ್ಪನೆಯದನ್ನು ಹಾಕಿದರೆ 500 ಕುದುರೆಗಳಷ್ಟೇ ಲಾಯದಿಂದ ಹೊರಬರುವುವು. ಕೆಂಪನೆಯದನ್ನು ಹಾಕಿದರೆ ಎಲ್ಲವೂ. ಕೆಂಪನ್ನು ತಾನಿಟ್ಟುಕೊಂಡು ಕಪ್ಪನ್ನು ಹೆಂಡತಿಗೆ ಕೊಟ್ಟ ಗಂಡಂದಿರೂ, ಅದನ್ನೇ ತಿರುಗುಮುರುಗು ಮಾಡಿದ ಹೆಂಡತಿಯರೂ ಇದ್ದಿರಬೇಕು. ಭಕ್ತ ಸಾಲಮಾಡಿ ಒಂದನ್ನು ತಂದ. ಅದು ಎರಡನೆಯ ಪಕ್ಷಾಂತರ.

ಅದರ ಗರ್ಜನೆಗೆ ಬೀದಿಯ ಕಿಟಕಿಗಳು ಅದುರಿದುವು. ನೆಟ್ಟಗಿನ ರಸ್ತೆಯಲ್ಲಿ ಅದನ್ನು ಹಿಡಿಯುವವರಿಲ್ಲ. ತಿರುವು ಬಂದರೆ ಮಾತ್ರ 4,400 ಪೌಂಡಿನ ದೇಹ ಬಾಗಲೊಲ್ಲದು. ಆದರೆ ಜನಕ್ಕೆ ಈ ಗಜಗಮನವೇ ಹಿಡಿಸಿತು. ಹೆಚ್ಚು ಬದಲಾಗದ ಹಳೆಯ ಮೈಯನ್ನೇ ಹೊತ್ತ ಚಾಲೆಂಜರು 2021, 2022 ಎರಡು ವರ್ಷವೂ ಅಮೆರಿಕದ ಮಾರಾಟದಲ್ಲಿ ಮಸ್ಟ್ಯಾಂಗನ್ನು ದಾಟಿತು. ಕಳ್ಳರೂ ಅದನ್ನು ಮೆಚ್ಚಿದರು. 2020ರಿಂದ 2022ರವರೆಗಿನ ಮಾದರಿಗಳ ಲೆಕ್ಕ ತೆಗೆದ ವಿಮಾ ಉದ್ಯಮದ ಸಂಸ್ಥೆಯೊಂದು, ಇದೇ ಎಂಜಿನಿನ ಚಾರ್ಜರ್ ಹೆಲ್‌ಕ್ಯಾಟಿನ ಕಳವು ಸರಾಸರಿಯ 60 ಪಟ್ಟಿನಷ್ಟಿದೆಯೆಂದು 2023ರಲ್ಲಿ ತಿಳಿಸಿತು. ವಿಮಾ ಕಛೇರಿಯ ಗುಮಾಸ್ತೆಗೆ ಈ ಅಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾತ್ರಿ ಎರಡು ಸಲ ಎದ್ದು ಷೆಡ್ಡಿನ ಬೀಗ ನೋಡಿಬರುವ ಅಭ್ಯಾಸ ಅವನಿಗೆ ಹತ್ತಿತು. ಕಂಪೆನಿಯಾದರೋ ಆ ವೇಳೆಗೆ ನೆದರ್ಲೆಂಡ್ಸಿನಲ್ಲಿ ನೆಲೆಯಾದ ಸ್ಟೆಲಾಂಟಿಸ್ ಎಂಬ ದೊಡ್ಡ ಸಂಸ್ಥೆಯ ಒಂದು ಕೊಂಬೆ.

ನಡುವೆ ಇನ್ನೊಂದು ಮೋಹವೂ ಸುಳಿದು ಹೋಯಿತು. ಷೆವರ್ಲೆಯ ಕಾರ್ವೆಟ್ 1953ರಿಂದಲೂ ಅಮೆರಿಕದ ಪಂದ್ಯಗಾರರ ಕನಸು. ಎಂಜಿನನ್ನು ಸವಾರನ ಬೆನ್ನ ಹಿಂದೆ ಇಟ್ಟರೆ ಕಾರಿನ ತೂಕ ಸರಿಯಾಗಿ ಹಂಚಿಕೆಯಾಗುವುದೆಂದು ಅದರ ಮುಖ್ಯ ಎಂಜಿನಿಯರ್ ಝೋರಾ ಆರ್ಕಸ್ ಡಂಟೋವ್ 1960ರ ಸುಮಾರಿನಿಂದಲೇ ವಾದಿಸಿ, ಪ್ರಯೋಗದ ಕಾರುಗಳನ್ನು ಕಟ್ಟಿ ತೋರಿಸಿ, ಒಪ್ಪಿಗೆ ಸಿಗದೆ 1996ರಲ್ಲಿ ತೀರಿಕೊಂಡಿದ್ದ. 2020ರ ಮಾದರಿಯಲ್ಲಿ ಅವನ ಮಾತು ನಡೆಯಿತು. 495 ಅಶ್ವಶಕ್ತಿಯವರೆಗೆ ಬಲವುಳ್ಳ ಆ ಕಾರಿನ ಆರಂಭದ ಬೆಲೆ 60,000 ಡಾಲರಿಗಿಂತ ಐದು ಡಾಲರು ಕಡಿಮೆ. ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗಕ್ಕೆ ಏರಲು ಅದಕ್ಕೆ ಮೂರು ಸೆಕೆಂಡೂ ಬೇಡ. ಭಕ್ತ ಮಳಿಗೆಗೆ ಹೋಗಿ ಒಳಗೆ ಕುಳಿತ. ಎಡಗಾಲು ಕ್ಲಚ್ಚನ್ನು ಹುಡುಕಿತು. ಕ್ಲಚ್ಚಿನ ಪೆಡಲೇ ಇಲ್ಲ! ಗೇರುಗಳನ್ನು ಯಂತ್ರವೇ ಬದಲಿಸಿಕೊಳ್ಳುತ್ತದೆ, ಮನುಷ್ಯನಿಗಿಂತ ಚೆನ್ನಾಗಿ ಬದಲಿಸುತ್ತದೆ ಎಂದು ಮಾರುವವನು ಹೇಳಿದ. ಅದು ನಿಜವೇ. ತನಗಿಂತ ಚೆನ್ನಾಗಿ ಓಡಿಸಬಲ್ಲ ಕಾರು ತನಗೇಕೆ ಎಂದು ಭಕ್ತನಿಗೆ ತೋರಿತು.

ಇತ್ತ ಫೋರ್ಡಿನ ಮನೆಯಲ್ಲಿ ಏನಾಗುತ್ತಿತ್ತು? ಜನ ಎತ್ತರದ ಗಾಡಿಗಳಿಗೆ ಒಲಿದರೆಂದು 2018ರಲ್ಲಿ ಕಂಪೆನಿಯವರು, ಉತ್ತರ ಅಮೆರಿಕದಲ್ಲಿ ಮಸ್ಟ್ಯಾಂಗ್ ಹೊರತು ಉಳಿದೆಲ್ಲ ಸಾಧಾರಣ ಕಾರುಗಳನ್ನು ಕ್ರಮೇಣ ನಿಲ್ಲಿಸುವುದಾಗಿ ಸಾರಿದರು. ಮರುವರ್ಷ ನವೆಂಬರಿನಲ್ಲಿ ಮಸ್ಟ್ಯಾಂಗ್ ಮಾಕ್-ಇ ಎಂಬುದನ್ನು ತೋರಿಸಿದರು: ವಿದ್ಯುತ್ತಿನಿಂದ ಓಡುವ, ನಾಲ್ಕು ಬಾಗಿಲಿನ, ಎತ್ತರದ ಸಂಸಾರದ ಗಾಡಿ, ಮೂತಿಯ ಮೇಲೆ ಓಡುವ ಕುದುರೆಯ ಚಿಹ್ನೆ. 1987ರಂತೆ ಈ ಸಲವೂ ಭಕ್ತರು ಗುಲ್ಲೆಬ್ಬಿಸಿದರು. ಈ ಸಲ ಕಂಪೆನಿ ಕಿವಿಗೊಡಲಿಲ್ಲ. ವರ್ತಕರ ದೃಷ್ಟಿಯಿಂದ ನೋಡಿದರೆ ಅವರದು ತಪ್ಪಲ್ಲ. ಕಾಗದ ಬರೆಯುವವರಿಗಿಂತ ಕಾರು ಕೊಳ್ಳುವವರು ಮುಖ್ಯ. ಭಕ್ತನ ಮಗಳೇ ಕೆಲಸಕ್ಕೆ ಸೇರಿದ ಮೇಲೆ ಒಂದು ಮಾಕ್-ಇ ಕೊಂಡಳು. “ನಾನೂ ಮಸ್ಟ್ಯಾಂಗಿನವಳೇ ಅಪ್ಪಾ” ಎಂದಳು. ಅಪ್ಪ ಅದನ್ನು ಇಂದಿಗೂ ‘ನಿನ್ನ ಗಾಡಿ’ ಎಂದೇ ಕರೆಯುತ್ತಾನೆ. ತಾತನಿಗೆ ಮಾತ್ರ ಅದರ ಬಾಗಿಲು ಒಪ್ಪಿಗೆಯಾಗಿದೆಯಂತೆ.

2023ರ ಡಿಸೆಂಬರ್ ಬಂತು. ಆ ಒಂದೇ ತಿಂಗಳಲ್ಲಿ ಮಿಷಿಗನ್ನಿನ ಲ್ಯಾನ್ಸಿಂಗಿನಲ್ಲಿ ಕೊನೆಯ ಕಮಾರೊ, ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಕೊನೆಯ ಚಾಲೆಂಜರ್ ಕಾರ್ಖಾನೆಯಿಂದ ಹೊರಬಂದುವು. ಹೊಗೆಯ ಕಾನೂನು, ಪೆಟ್ರೋಲಿನ ಮಿತವ್ಯಯದ ಕಾನೂನು, ಅದನ್ನು ಮೀರಿದರೆ ತೆರಬೇಕಾದ ದಂಡ, ವಿದ್ಯುತ್ ಕಾರುಗಳ ಮೇಲೆ ಸುರಿದ ಬಂಡವಾಳ ಎಲ್ಲವೂ ಸೇರಿ ನಡೆಸಿದ ಕೆಲಸವಿದು. ಆರುವ ಮುನ್ನ ದೀಪ ದೊಡ್ಡದಾಗುವಂತೆ ಡಾಜ್‌ನವರು ಆ ವರ್ಷ, ನೂರಕ್ಕೆ 85 ಪಾಲು ಎಥನಾಲ್ ಬೆರೆತ ಇಂಧನದಲ್ಲಿ 1,025 ಅಶ್ವಶಕ್ತಿ ಕೊಡುವ ಚಾಲೆಂಜರೊಂದನ್ನೂ ಮಾರಿದ್ದರು. 2024ರಲ್ಲಿ ಚಾರ್ಜರ್ ಹೆಸರು ವಿದ್ಯುತ್ ಕಾರಾಗಿ ಮರಳಿತು. ಬಲಕ್ಕೆ ಕೊರತೆಯಿಲ್ಲ, 670 ಅಶ್ವಶಕ್ತಿಯವರೆಗೂ ಉಂಟು. ತೂಕ ಸುಮಾರು 5,800 ಪೌಂಡು. ಎಂಜಿನಿಲ್ಲದ ಕಾರಿಗೆ ಗರ್ಜನೆ ಎಲ್ಲಿಂದ ಬರಬೇಕು? ಧ್ವನಿಯನ್ನು ಕೃತಕವಾಗಿ ಹುಟ್ಟಿಸಿ ಹೊರಗೆ ಊದುವ ಯಂತ್ರವನ್ನು ಹಿಂಬದಿಗೆ ಕೂಡಿಸಿ, ಅದು ಹೆಲ್‌ಕ್ಯಾಟಿನಷ್ಟೇ ಸದ್ದು ಮಾಡುವುದೆಂದು ಹೇಳಿಕೊಂಡರು. ಹಾರ್ಮೋನಿಯಂ ಬಾರಿಸಿ ಕೋಗಿಲೆ ಎಂದಂತಾಯಿತು. ಕೊಳ್ಳುವವರು ಹೆಚ್ಚು ಬರಲಿಲ್ಲ. ಆರು ಸಿಲಿಂಡರಿನ ಪೆಟ್ರೋಲು ಎಂಜಿನನ್ನು ಅದೇ ಮೈಗೆ ತುಂಬಿ ಮಾರಬೇಕಾಯಿತು. 2025ರ ಜುಲೈನಲ್ಲಿ ಅಮೆರಿಕದ ಹೊಸ ಕಾನೂನು ಮಿತವ್ಯಯದ ದಂಡವನ್ನೇ ಸೊನ್ನೆ ಮಾಡಿತು. ಬ್ರ್ಯಾಂಪ್ಟನ್ನಿನ ಕೆಲಸಗಾರರಿಗೆ ಆ ಸೊನ್ನೆ ಒಂದೂವರೆ ವರ್ಷ ತಡವಾಗಿ ಬಂತು.

ಭಕ್ತ ಹೆಲ್‌ಕ್ಯಾಟನ್ನು ಮಾರಿ, ಸಾಲ ತೀರಿಸಿ, 2024ರ ಮಸ್ಟ್ಯಾಂಗ್ ಜಿ.ಟಿ.ಯನ್ನು ಕೊಂಡ. 480 ಅಶ್ವಶಕ್ತಿ, ಆರು ಗೇರು, ಮೂರು ಪೆಡಲು. ಹದಿನಾಲ್ಕು ವರ್ಷಗಳ ಅಲೆದಾಟದ ನಂತರ ಮನೆಗೆ ಮರಳಿದ ಎಂದು ಬಂಧುಗಳು ನಗೆಯಾಡಿದರು. ಆದರೆ ಮರಳಿದ್ದು ನಿಷ್ಠೆಯಿಂದಲೋ, ಬೇರೆ ದಾರಿಯಿಲ್ಲದೆಯೋ? ಮೂವರಲ್ಲಿ ಎಂಟು ಸಿಲಿಂಡರು ಮತ್ತು ಕ್ಲಚ್ಚು ಎರಡೂ ಉಳ್ಳ ಇಂಥ ಕಾರನ್ನು ಆ ವರ್ಷ ಇನ್ನೂ ತಯಾರಿಸುತ್ತಿದ್ದವರು ಫೋರ್ಡಿನವರೊಬ್ಬರೇ. ಎದುರಾಳಿಗಳಿಲ್ಲದ ಕಣದಲ್ಲಿ ಮಸ್ಟ್ಯಾಂಗಿನ ವ್ಯಾಪಾರ ಏರಬೇಕಾಗಿತ್ತಲ್ಲವೇ? ಏರಲಿಲ್ಲ. 1966ರಲ್ಲಿ ಆರು ಲಕ್ಷಕ್ಕೂ ಮೇಲೆ ಹೋಗಿದ್ದ ಸಂಖ್ಯೆ 2024ರಲ್ಲಿ ಅಮೆರಿಕದಲ್ಲಿ ಸುಮಾರು 44,000ಕ್ಕೆ ನಿಂತಿತು; ಅದು ಹಿಂದಿನ ವರ್ಷಕ್ಕಿಂತಲೂ ಕಡಿಮೆ. ಜಿ.ಟಿ.ಯ ಬೆಲೆಯಾದರೋ 40,000 ಡಾಲರನ್ನು ದಾಟಿತ್ತು.

ಪೈಪೋಟಿ ಇಲ್ಲವೆಂದಲ್ಲ, ಅದು ಗುಮಾಸ್ತರ ಬೀದಿಯನ್ನು ಬಿಟ್ಟು ಬೇರೆಡೆಗೆ ಹೋಗಿದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಎಂಬ ಬೆಟ್ಟದ ಪಂದ್ಯದ ಹಾದಿಯಲ್ಲಿ 815 ಅಶ್ವಶಕ್ತಿಯ ಮಸ್ಟ್ಯಾಂಗ್ ಜಿ.ಟಿ.ಡಿ. 6 ನಿಮಿಷ 52 ಸೆಕೆಂಡುಗಳಲ್ಲಿ ಸುತ್ತು ಮುಗಿಸಿದರೆ, 2025ರಲ್ಲಿ ಷೆವರ್ಲೆಯ ಎಂಜಿನಿಯರರು ಕಾರ್ವೆಟ್ ಝಡ್.ಆರ್.-1 ಎಕ್ಸ್ ಕಾರನ್ನು 6 ನಿಮಿಷ 49 ಸೆಕೆಂಡುಗಳಲ್ಲಿ ಓಡಿಸಿದರು. ಆ ಮಸ್ಟ್ಯಾಂಗಿನ ಬೆಲೆ ಮೂರು ಲಕ್ಷ ಡಾಲರಿಗೂ ಮೇಲೆ. ಭಕ್ತ ಈ ಸುದ್ದಿಯನ್ನು ಓದಿ ಕಾಗದವನ್ನು ಮಡಿಸಿಟ್ಟ.

ಅವನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾಸ್ಕಾರ್ ಪಂದ್ಯಗಳನ್ನು ಟೆಲಿವಿಷನ್ನಿನಲ್ಲಿ ನೋಡುವ ಪದ್ಧತಿ ತಂದೆಯ ಕಾಲದಿಂದ ಬಂದದ್ದು. ಅಲ್ಲಿ ಓಡುವುದು ಅಂಗಡಿಯ ಕಾರುಗಳಲ್ಲ. ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳಿಗೆ ಅಂಗಡಿಯ ಕಾರಿನ ಹೋಲಿಕೆಯ ಹೊದಿಕೆ. ಫೋರ್ಡಿನವರ ಹೊದಿಕೆ ಮಸ್ಟ್ಯಾಂಗಿನದು, ಷೆವರ್ಲೆಯವರದು ಕಮಾರೊದ್ದು. ಕಾರ್ಖಾನೆಯಲ್ಲಿ ಕಮಾರೊ ನಿಂತು ಒಂದು ವರ್ಷ ಕಳೆದ ಮೇಲೂ ಆ ಹೊದಿಕೆ ಬದಲಾಗಲಿಲ್ಲ. 2025ರ ಫೆಬ್ರವರಿಯ ಡೇಟೋನಾ 500 ಪಂದ್ಯದಲ್ಲಿ ಗೆದ್ದದ್ದೂ ಕಮಾರೊವೇ. ಷೆವರ್ಲೆ ಗೆದ್ದಾಗಲೆಲ್ಲ ತಂದೆ ಎದ್ದುಹೋಗಿ ಗುಂಡಿ ತಿರುಗಿಸಿ ಪೆಟ್ಟಿಗೆಯನ್ನು ಆರಿಸಿಬಿಡುತ್ತಿದ್ದುದು ಆ ಮನೆಯ ಹಳೆಯ ವಾಡಿಕೆ. ಅಂದು ಎಂಬತ್ತೈದರ ಮುದುಕ ಎದ್ದೇಳಲಿಲ್ಲ. ಮಗನೂ ಏಳಲಿಲ್ಲ. ಅಂಗಡಿಯಲ್ಲಿಲ್ಲದ ಆ ಕಾರು ಗೆಲುವಿನ ಸುತ್ತು ಮುಗಿಸಿ, ಹೊಗೆಯೆಬ್ಬಿಸುತ್ತ ಗಿರಕಿ ಹೊಡೆದು ನಿಲ್ಲುವವರೆಗೂ ಇಬ್ಬರೂ ಕುಳಿತು ನೋಡಿದರು.